ಕೋಲಾಟ

ಕೋಲಾಟವು ಕೈಯಲ್ಲಿ ಕೋಲುಗಳನ್ನು ಹಿಡಿದು, ಹಾಡಿನ ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತ ಆಡುವ ಜನಪದ ಸಮೂಹ ನೃತ್ಯ. ಇದು ಕರ್ನಾಟಕದ ಬಹುತೇಕ ಭಾಗಗಳಲ್ಲಿ ಪ್ರಚಲಿತವಾಗಿದೆ. ಗುಜರಾತಿನ ದಾಂಡಿಯಾ ರಾಸ್, ತೆಲುಗು ಸೀಮೆಯ ಕೋಲಾಟಂ ಹಾಗೂ ತಮಿಳುನಾಡಿನ ಕೋಲಾಟ್ಟಂ ಇದಕ್ಕೆ ಸಮೀಪದ ರೂಪಗಳು. ಆಟದ ನಡುವೆ ಜೋಡಿಗಳು ಬದಲಾಗುತ್ತ ಹೋಗುವುದು ಇದರ ಮುಖ್ಯ ಲಕ್ಷಣ.

ಆಟದ ಕ್ರಮ

ಆಟಗಾರರ ಸಂಖ್ಯೆ ಸಮಸಂಖ್ಯೆಯಾಗಿರಬೇಕು. ಒಬ್ಬರು ಹಾಡು ಹೇಳಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ. ಆಟಗಾರರು ಮೊದಲು ತಮ್ಮ ಕೋಲುಗಳನ್ನು ತಾವೇ ತಾಡಿಸಿ, ಅನಂತರ ಎದುರಿನವರ ಕೋಲುಗಳಿಗೆ ತಾಡಿಸುತ್ತಾರೆ. ಹಾಡು ಮುಂದುವರಿದಂತೆ ಲಯವು ಚುರುಕಾಗುತ್ತದೆ.

ಜೋಡಿ ಬದಲಾವಣೆ

ಒಂದು ಪದ್ಧತಿಯಲ್ಲಿ ಆಟಗಾರರು ಒಳಸುತ್ತು, ಹೊರಸುತ್ತುಗಳಾಗಿ ಎದುರುಬದುರು ನಿಲ್ಲುತ್ತಾರೆ. ಹೊರಸುತ್ತಿನವರು ನಿಂತಲ್ಲೇ ಆಡಿದರೆ, ಒಳಸುತ್ತಿನವರು ಪ್ರತಿ ಆವರ್ತಕ್ಕೆ ಒಂದು ಸ್ಥಾನ ಸರಿಯುತ್ತಾರೆ. 16 ಮಂದಿಯ ಆಟದಲ್ಲಿ 8ನೇ ಬದಲಾವಣೆಗೆ ಮೊದಲಿನ ಜೋಡಿ ಮತ್ತೆ ಎದುರಾಗುತ್ತದೆ. ಒಬ್ಬರು ತಡವರಿಸಿದರೂ ಮುಂದಿನವರ ಕೋಲಿಗೆ ಎದುರು ಕೋಲು ಸಿಗದೆ ಇಡೀ ಸುತ್ತು ಕೆಡುತ್ತದೆ. ಪಾಶ್ಚಾತ್ಯ ದೇಶಗಳ ಸ್ಕ್ವೇರ್ ಡಾನ್ಸ್‌ನಲ್ಲಿಯೂ ಜೋಡಿಗಳು ಬದಲಾಗುತ್ತವೆ. ಅಲ್ಲಿ ಸಾಂಪ್ರದಾಯಿಕವಾಗಿ ಗಂಡು-ಹೆಣ್ಣು ಜೊತೆಯಾದರೆ, ಕೋಲಾಟವನ್ನು ಗಂಡಸರು ಮತ್ತು ಹೆಂಗಸರು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಆಡುತ್ತಾರೆ.

ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗ ಅಥವಾ ಬಟ್ಟೆಯ ಪಟ್ಟಿಗಳನ್ನು ಹಿಡಿದು, ಒಬ್ಬರನ್ನೊಬ್ಬರು ಒಳಗೂ ಹೊರಗೂ ದಾಟುತ್ತ ಜಡೆ ಹೆಣೆಯುತ್ತಾರೆ. ಅದೇ ಹೆಜ್ಜೆಗಳನ್ನು ಹಿಮ್ಮುಖವಾಗಿ ಹಾಕಿದಾಗ ಜಡೆ ಬಿಚ್ಚಿಕೊಳ್ಳುತ್ತದೆ.

ಹಿನ್ನೆಲೆ

ಹಂಪಿಯ ಮಹಾನವಮಿ ದಿಬ್ಬ ಮತ್ತು ಹಜಾರರಾಮ ದೇವಾಲಯದ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದ ನರ್ತಕಿಯರಿದ್ದಾರೆ. ವಿಜಯನಗರ ಕಾಲದಲ್ಲಿ ಈ ಕಲೆಗೆ ಉತ್ಸವಗಳಲ್ಲಿ ಸ್ಥಾನವಿತ್ತೆಂಬುದಕ್ಕೆ ಇವು ಸಾಕ್ಷಿ.

ರಾಯಚೂರು ಸೀಮೆಯಲ್ಲಿ

ರಾಯಚೂರು, ಕೊಪ್ಪಳ ಭಾಗಗಳಲ್ಲಿ ಕಾರ್ತಿಕ ಮಾಸದ ಗೌರಿ ಹುಣ್ಣಿಮೆಯು ಹೆಣ್ಣುಮಕ್ಕಳ ಕೋಲಾಟದ ಕಾಲ. ಸಕ್ಕರೆಯ ಗೊಂಬೆಗಳನ್ನಿಟ್ಟು ಗೌರಿಗೆ ಆರತಿ ಬೆಳಗಿ ಕೋಲು ಆಡುತ್ತಾರೆ. ಜಾತ್ರೆಗಳಲ್ಲಿ ಗಂಡಸರ ತಂಡಗಳೂ ಆಡುವುದುಂಟು.

ಇಂದಿನ ಸ್ಥಿತಿ

ಹಾಡುಗಳನ್ನು ಬರೆದಿಡಬಹುದು, ಜೋಡಿ ಬದಲಾವಣೆಯನ್ನು ಮಾತ್ರ ತಂಡವಾಗಿ ಆಡಿಯೇ ಕಲಿಯಬೇಕು. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಕೂಲಿಗಾಗಿ ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುತ್ತವೆ. ಊರಿನಲ್ಲಿ ಉಳಿದವರಿಂದ ಸುತ್ತು ಪೂರ್ಣವಾಗದಿದ್ದರೆ, ಆಟ ಬಲ್ಲವರಿದ್ದರೂ ಕಲಿಸುವುದು ಕಷ್ಟ. ಶಾಲೆಗಳ ಪ್ರತಿಭಾ ಕಾರಂಜಿಯ ಜಾನಪದ ನೃತ್ಯ ಸ್ಪರ್ಧೆಗಳು ಮಕ್ಕಳಿಗೆ ಇಂತಹ ಕಲೆಗಳನ್ನು ಪರಿಚಯಿಸುತ್ತಿವೆ. ಆದರೆ ವೇದಿಕೆಯಲ್ಲಿ ಪ್ರೇಕ್ಷಕರಿಗೆ ಮುಖಮಾಡಿ ಸಾಲಾಗಿ ಆಡುವಾಗ, ಪ್ರತಿಯೊಬ್ಬರೂ ಎದುರುಸುತ್ತಿನ ಎಲ್ಲರೊಡನೆ ಕೋಲು ಕೂಡಿಸುವ ಮೂಲ ಕ್ರಮ ಉಳಿಯುವುದಿಲ್ಲ.