ದಮ್ಮು

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಕಡೆ ಏದುಸಿರು ಬಿಡುವ ಹಿರಿಯರನ್ನು ಕಂಡರೆ ‘ದಮ್ಮು ಹತ್ಯಾದ’ ಎನ್ನುತ್ತಾರೆ. ಪಾರಸಿಯಲ್ಲಿ ‘ದಮ್’ ಎಂದರೆ ಉಸಿರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಅದು ಉರ್ದುವಿನ ಮೂಲಕ ಬಂದು, ಕೊನೆಗೊಂದು ಉಕಾರ ಪಡೆದು ನಮ್ಮದಾಯಿತು. ಆಸ್ತಮಾಕ್ಕೂ ದಮ್ಮು, ಬೀಡಿಯ ಒಂದು ಎಳೆತಕ್ಕೂ ದಮ್ಮು, ತಾಕತ್ತಿಗೂ ದಮ್ಮು. ಹಂಡೆಯ ಬಾಯಿಗೆ ಕಣಕ ಮೆತ್ತಿ ಬೇಯಿಸುವ ಬಿರಿಯಾನಿಯಲ್ಲೂ ಅದೇ ಪದ. ನಮ್ಮ ಹಳೆಯ ‘ಉಸಿರು’ ಮಾತಿನ ಕಡೆಗೆ ಹೊರಳಿತು. ಉಸುರು ಎಂದರೆ ಹೇಳು. ದಮ್ಮು ಹೊರಳಿದ್ದು ಬಲದ ಕಡೆಗೆ.

ಈ ಹೊರಳು ಬಹಳ ಸರಿ ಎನಿಸುತ್ತದೆ ನನಗೆ. ಜೋಳದ ಚೀಲ ಎತ್ತುವವನು ದಮ್ಮು ಕಟ್ಟುತ್ತಾನೆ: ಗಂಟಲ ದಾರಿ ಮುಚ್ಚುತ್ತದೆ, ಹೊಟ್ಟೆಯ ಸ್ನಾಯುಗಳು ಬಿಗಿಯುತ್ತವೆ, ಒಳಗಿನ ಒತ್ತಡ ಬೆನ್ನೆಲುಬಿಗೆ ಆಸರೆಯಾಗುತ್ತದೆ. ಸುಮ್ಮನೆ ಕೂತವನಿಗೆ ಉಸಿರು ಬಿಡಲು ಶ್ರಮವೇ ಬೇಡ, ವಪೆ ಸಡಿಲಗೊಂಡರೆ ಸಾಕು. ದಮ್ಮಿನವರಿಗೆ ಹಾಗಲ್ಲ. ಕಿರಿದಾದ ಶ್ವಾಸನಾಳಗಳಿಂದ ಗಾಳಿ ಹೊರದಬ್ಬಲು ಅದೇ ಹೊಟ್ಟೆಯ ಸ್ನಾಯುಗಳು ವಪೆಯನ್ನು ಮೇಲಕ್ಕೆ ನೂಕಬೇಕು. ಆದರೆ ಗಾಳಿಗೂಡುಗಳ ತೆಳು ಪೊರೆ ದಾಟಿ ರಕ್ತ ಸೇರುವ ಆಮ್ಲಜನಕಕ್ಕೆ ಯಾವ ಸ್ನಾಯುವೂ ಬೇಡ. ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ತಾನೇ ಹರಿಯುತ್ತದೆ. ಕಲ್ಲಿನ ಸಣ್ಣ ದೂಳು ವರ್ಷಗಟ್ಟಲೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗಿ ಈ ದಾಟುವಿಕೆಯೂ ಕುಂಠಿತವಾಗುತ್ತದೆ.

ಮನೆಯಲ್ಲಿ ಯಾರಿಗಾದರೂ ‘ದಮ್ಮು ಹತ್ಯಾದ’ ಎಂದಾಗ ವಯಸ್ಸಿನ ಮೇಲೆ ಹಾಕಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.