ಕುಲಾವಿ ಮತ್ತು ಕುಂಚಿಗೆ: ಕೂಸಿನ ಉಡುಪಿನ ಚರಿತ್ರೆಗೆ ಒಂದು ಪೀಠಿಕೆ

“ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆತುರಗಾರರನ್ನು ಹಾಸ್ಯ ಮಾಡಲು ಬಳಕೆಯಾಗುವ ಈ ಮಾತನ್ನು ಚರಿತ್ರೆಯ ಆಕರವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೂ ಅದರೊಳಗೆ ಗಮನಿಸತಕ್ಕ ಸಂಗತಿಗಳುಂಟು. ಕೂಸಿಗೆಂದೇ ಪ್ರತ್ಯೇಕವಾದ ಹೊಲಿದ ಉಡುಪೊಂದಿತ್ತು. ಅದನ್ನು ಹೊಲಿಯುವುದಕ್ಕೆ ಉಚಿತವಾದ ಕಾಲವೊಂದಿತ್ತು. ಅದು ಕೂಸಿನ ಆಗಮನದ ಸಂಭ್ರಮಕ್ಕೆ ಗುರುತಾಗಿತ್ತು. ಗಾದೆಯ ಕ್ರಿಯಾಪದವು ‘ಹೊಲಿದರು’ ಎಂದಿರದೆ ‘ಹೊಲಿಸಿದರು’ ಎಂದಿರುವುದೂ ಅರ್ಥವಿಲ್ಲದ್ದಲ್ಲ. ಈ ವ್ಯತ್ಯಾಸಕ್ಕೆ ಮುಂದೆ ಬರುತ್ತೇನೆ.

ದಕ್ಷಿಣ ದೇಶದವರು ಹೊಲಿದ ಬಟ್ಟೆಯನ್ನು ಅರಿಯದವರು, ಸೂಜಿಯ ಕೆಲಸವೆಲ್ಲ ಮುಸಲ್ಮಾನ ಅರಸರ ಕಾಲದಿಂದ ಬಂದದ್ದು ಎಂಬ ಮಾತು ಹಳೆಯ ಪಠ್ಯಪುಸ್ತಕಗಳಲ್ಲಿಯೂ ಸಾಮಾನ್ಯ ಸಂಭಾಷಣೆಯಲ್ಲಿಯೂ ಪದೇಪದೇ ಕಂಡುಬರುತ್ತದೆ. ಇದು ನಿಲ್ಲತಕ್ಕ ವಾದವಲ್ಲ. ಅಜಂತದ 5ನೆಯ ಶತಮಾನದ ಚಿತ್ರಗಳಲ್ಲಿ ಹೊಲಿದ ಅಂಗಿಗಳನ್ನು ತೊಟ್ಟ ಪರಿಚಾರಕರಿದ್ದಾರೆ. ಕನ್ನಡದ ‘ಕುಪ್ಪಸ’ವು ಸಂಸ್ಕೃತದ ‘ಕೂರ್ಪಾಸ’ದ ತದ್ಭವ. ‘ಹೊಲಿ’ ಎಂಬ ಧಾತುವಾದರೋ ಹಳಗನ್ನಡದ ‘ಪೊಲಿ’. ಅದು ಯಾರಿಂದಲೂ ಎರವಲು ತಂದುದಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದನು. ಸೂಜಿಯು ಒಬ್ಬನ ಕಾಯಕಕ್ಕೂ ಹೆಸರಿಗೂ ಆಧಾರವಾಗುವಷ್ಟು ಬಳಕೆಯಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಡಾ. ಘುರ್ಯೆಯವರು 1951ರಲ್ಲಿ ಪ್ರಕಟಿಸಿದ ಭಾರತೀಯ ವೇಷಭೂಷಣಗಳ ಗ್ರಂಥವು ಈ ಚರ್ಚೆಯನ್ನು ಶಾಸ್ತ್ರೀಯ ನೆಲೆಗೆ ತಂದಿತು. ಆದರೆ ಚರ್ಚೆಯಲ್ಲಿ ಬರುವವರೆಲ್ಲರೂ ಅರಸರು, ಯೋಧರು, ರಾಣಿಯರು, ಹೆಚ್ಚೆಂದರೆ ಅವರ ಸೇವಕರು. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಇದೆ, ಅದು ಅರಸನ ವಸ್ತ್ರಗಳನ್ನು ಕುರಿತದ್ದು. ಒಕ್ಕಲಿಗನ ಮನೆಯ ತೊಟ್ಟಿಲಿನಲ್ಲಿ ಮಲಗಿದ ಕೂಸು ಏನನ್ನು ತೊಟ್ಟಿತ್ತೆಂದು ಹೇಳುವ ಹೊಣೆಯನ್ನು ಯಾವ ಕವಿಯೂ ಯಾವ ಶಾಸನಕಾರನೂ ಹೊತ್ತುಕೊಂಡಿರಲಿಲ್ಲ.

ಹಾಗಾದರೆ ಆಕರಗಳೆಲ್ಲಿ? ಮೊದಲನೆಯದಾಗಿ ಪದಗಳನ್ನು ನೋಡಬಹುದು. ‘ಕುಲಾವಿ’ ಅಥವಾ ‘ಕುಲಾಯಿ’ಯ ಮೂಲವು ಟೋಪಿಯೆಂಬ ಅರ್ಥದ ಪಾರಸೀ ಶಬ್ದವಾದ ‘ಕುಲಾಹ್’. ಈ ಶಬ್ದವು ಕನ್ನಡ ನಾಡಿಗೆ ಬಂದ ಬಗೆಯನ್ನು ಸಾಕಷ್ಟು ಸ್ಪಷ್ಟವಾಗಿ ಗುರುತಿಸಬಹುದು. ವಿಜಯನಗರದ ಆಸ್ಥಾನದಲ್ಲಿ ‘ಕಬಾಯಿ’ ಎಂಬ ಉದ್ದನೆಯ ಅಂಗಿಯನ್ನೂ ‘ಕುಲ್ಲಾಯಿ’ ಎಂಬ ಎತ್ತರದ ಟೋಪಿಯನ್ನೂ ಧರಿಸುವುದು ದರ್ಬಾರಿನ ಮರ್ಯಾದೆಯಾಗಿತ್ತು. ತೆಲುಗಿನ ಮಹಾಕವಿ ಶ್ರೀನಾಥನು ಆಸ್ಥಾನಕ್ಕೆ ಬಂದು ಕುಲ್ಲಾಯಿಯನ್ನು ತೊಡಬೇಕಾದುದನ್ನು ಚಾಟುಪದ್ಯವೊಂದರಲ್ಲಿ ಹೇಳಿಕೊಂಡಿದ್ದಾನೆ. 1530ರ ದಶಕದಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಅರಸನ ಜರತಾರಿಯ ಟೋಪಿಯನ್ನು ವರ್ಣಿಸುತ್ತ, ಅದರ ದೇಶೀಯ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಬರೆದಿಟ್ಟಿದ್ದಾನೆ. ಆ ಹೆಸರು ನಮ್ಮ ಕುಲಾಯಿಯೇ ಎಂಬುದರಲ್ಲಿ ಸಂದೇಹವಿಲ್ಲ. ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲಿರುವುದೂ ಇಂಥದೇ ನೀಳವಾದ ಟೋಪಿ. ಫಿಲಿಪ್ ವ್ಯಾಗನರ್ ಅವರು 1996ರ ಲೇಖನವೊಂದರಲ್ಲಿ ಈ ಉಡುಪುಗಳ ರಾಜಕೀಯ ಅರ್ಥವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ.

ಅರಸನ ತಲೆಯ ಮೇಲಿದ್ದ ಹೆಸರು ಇಂದು ಕೂಸಿನ ತಲೆಯ ಮೇಲಿದೆ. ದೊಡ್ಡವರ ಉಡುಪಿನಿಂದ ಆ ಶಬ್ದವು ಬಹುಮಟ್ಟಿಗೆ ಜಾರಿಹೋಗಿ, ತೊಟ್ಟಿಲಿನಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ಇದರಿಂದ ಮಕ್ಕಳ ಟೋಪಿಯೇ ವಿಜಯನಗರದ ಆಸ್ಥಾನದಿಂದ ಇಳಿದು ಬಂತೆಂದು ತೀರ್ಮಾನಿಸಬಹುದೇ? ಕೂಡದೆಂದೇ ನನ್ನ ಅಭಿಪ್ರಾಯ. ಆಸ್ಥಾನದ ಕುಲ್ಲಾಯಿಯು ಗೋಪುರದಂತೆ ಮೇಲಕ್ಕೇಳುವ ಬಿರುಸಾದ ಟೋಪಿ. ಕೂಸಿನ ಕುಲಾವಿಯಾದರೋ ತಲೆಗಂಟಿ, ಕಿವಿಗಳನ್ನು ಮುಚ್ಚಿ, ಗದ್ದದ ಕೆಳಗೆ ಕಸೆಯಿಂದ ಕಟ್ಟುವ ಮೆತ್ತನೆಯ ವಸ್ತು. ಎರಡರ ಕತ್ತರಿಕೆಯೂ ಬೇರೆ, ಪ್ರಯೋಜನವೂ ಬೇರೆ. ಮನೆಯಲ್ಲಿ ಮೊದಲೇ ಇದ್ದ ಒಂದು ಶಿರೋವಸ್ತ್ರಕ್ಕೆ ತಾಯಂದಿರು ದರ್ಬಾರಿನ ಗೌರವದ ಹೆಸರನ್ನು ಮುದ್ದಿನಿಂದ ಇಟ್ಟಿರಬೇಕು. ಕೂಸನ್ನು ‘ರಾಜಾ’ ಎಂದು ಕರೆಯುವ ಮನೋಧರ್ಮವೇ ಇಲ್ಲಿಯೂ ಕೆಲಸಮಾಡಿದಂತೆ ತೋರುತ್ತದೆ. ಹೆಸರು ಹೊಸದಾದ ಮಾತ್ರಕ್ಕೆ ವಸ್ತುವೂ ಹೊಸದಾಗಬೇಕಿಲ್ಲ. ಉಡುಪಿನ ಚರಿತ್ರೆಯನ್ನು ನಿಘಂಟಿನಿಂದಲೇ ಬರೆಯಹೊರಟವರು ಎಡವುವುದು ಇಲ್ಲಿಯೇ.

ಆದ್ದರಿಂದ ಪದಕ್ಕಿಂತ ಹೊಲಿಗೆಯನ್ನೇ ಓದಬೇಕಾಗುತ್ತದೆ. ಇದಕ್ಕೆ ಕುಂಚಿಗೆಯು ಕುಲಾವಿಗಿಂತಲೂ ಒಳ್ಳೆಯ ಸಾಕ್ಷಿ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆ ಕುಂಚಿಗೆಯೆಂದೂ, ನೆರೆಯ ಮರಾಠಿಯಲ್ಲಿ ಕುಂಚಿಯೆಂದೂ ಕರೆಯಲ್ಪಡುವ ಈ ಉಡುಪು ಟೋಪಿ ಮತ್ತು ಹೊದಿಕೆ ಎರಡೂ ಸೇರಿದ್ದು. ಉದ್ದನೆಯ ನೇರ ಬಟ್ಟೆಯೊಂದನ್ನು ಮಡಿಚಿ, ತಲೆಯ ಹಿಂಭಾಗಕ್ಕೆ ಬರುವ ಅಂಚನ್ನು ಹೊಲಿದರೆ ತಲೆಯ ಭಾಗವು ಸಿದ್ಧವಾಗುತ್ತದೆ. ಕುತ್ತಿಗೆಯ ಬಳಿ ಸಣ್ಣ ನಿರಿಗೆಗಳನ್ನು ಹಿಡಿದು ಕಸೆ ಹಚ್ಚುತ್ತಾರೆ. ಉಳಿದ ಬಟ್ಟೆಯು ಬೆನ್ನಿನ ಮೇಲೆ ಇಳಿಬಿದ್ದು, ಕೂಸನ್ನು ಎತ್ತಿಕೊಂಡಾಗ ಕಾಲಿನವರೆಗೂ ಮುಚ್ಚುತ್ತದೆ. ಅಂಚಿಗೆ ಬೇರೆ ಬಣ್ಣದ ಪಟ್ಟಿ, ನೆತ್ತಿಗೊಂದು ಗೊಂಡೆ, ಅನುಕೂಲವಿದ್ದವರ ಮನೆಯಲ್ಲಿ ಗೆಜ್ಜೆ ಅಥವಾ ಕನ್ನಡಿಯ ಚೂರುಗಳು. ಗುಳೇದಗುಡ್ಡದ ಖಣವು ಇದಕ್ಕೆ ಮೆಚ್ಚಿನ ಬಟ್ಟೆ.

ಈ ವಿಧಾನದಲ್ಲಿ ಅಳತೆಯೆಂಬುದು ಇಲ್ಲವೆಂದೇ ಹೇಳಬಹುದು. ತೋಳಿಲ್ಲ, ಕಂಕುಳಿನ ಕತ್ತರಿಕೆಯಿಲ್ಲ. ಕತ್ತರಿಸಿ ಎಸೆಯುವ ಚೂರು ಇಲ್ಲವೆನ್ನುವಷ್ಟು ಕಡಿಮೆ. ತಿಂಗಳಿಗೊಮ್ಮೆ ಬೆಳೆಯುವ ಶರೀರಕ್ಕೆ ಅಳತೆಯ ಉಡುಪು ಎಷ್ಟು ದಿನ ಬಂದೀತು? ನಿರಿಗೆಯನ್ನು ಸಡಿಲಿಸಿದರೆ ಅದೇ ಕುಂಚಿಗೆ ಮುಂದಿನ ಚಳಿಗಾಲಕ್ಕೂ, ಆಮೇಲೆ ತಮ್ಮನಿಗೋ ತಂಗಿಗೋ ಸಲ್ಲುತ್ತದೆ. ಇದನ್ನು ಕಸುಬಿನ ಅಜ್ಞಾನವೆಂದು ಕಾಣುವುದು ತಪ್ಪು. ಬಟ್ಟೆಯು ದುಬಾರಿಯಾಗಿದ್ದ ಕಾಲದಲ್ಲಿ ನೇಯ್ದ ಅಗಲವನ್ನು ಪೋಲುಮಾಡದೆ ಬಳಸಿದ ಲೆಕ್ಕಾಚಾರವಿದು.

ಕುಂಚಿಗೆಯ ಮೇಲಿನ ಕಸೂತಿಯೂ ಇದೇ ವಿಚಾರವನ್ನು ಸಮರ್ಥಿಸುತ್ತದೆ. ಕಸೂತಿಯ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ಪ್ರಸಿದ್ಧವಾದುವು. ಬಟ್ಟೆಯ ಮೇಲೆ ಗೆರೆಯೆಳೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹಾಕುವುದು ಇದರ ಪದ್ಧತಿ. ಗವಂತಿ ಮತ್ತು ಮುರಗಿಗಳಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡು ಮುಖಗಳಲ್ಲಿಯೂ ಚಿತ್ರವು ಒಂದೇ ಬಗೆಯಾಗಿ ಕಾಣಬೇಕು. ಗೋಪುರ, ರಥ, ಆನೆ, ತುಳಸಿಯ ವೃಂದಾವನ, ತೊಟ್ಟಿಲು ಮೊದಲಾದ ಚಿತ್ರಗಳ ಅಂದವನ್ನು ಕುರಿತು ಕಮಲಾ ಡೊಂಗರಕೇರಿಯವರು 1951ರ ತಮ್ಮ ಗ್ರಂಥದಲ್ಲಿಯೂ, ಅನಂತರ ಇತರರೂ ಬರೆದಿದ್ದಾರೆ. ಅಂದದ ಜೊತೆಗೆ ಉಪಯೋಗವನ್ನೂ ನೋಡಬೇಕು. ಗಂಟಿಲ್ಲದ ಹೊಲಿಗೆಯು ಎಳೆಯ ಚರ್ಮವನ್ನು ಉಜ್ಜುವುದಿಲ್ಲ. ಕುಂಚಿಗೆಯ ಒಳಮೈ ಗಾಳಿಗೆ ಮಗುಚಿದಾಗಲೂ ಹೊರಮೈಯಷ್ಟೇ ಚೆಲುವಾಗಿರುತ್ತದೆ. ಈ ಹೊಲಿಗೆಯು ಮಕ್ಕಳ ಉಡುಪಿಗಾಗಿಯೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಅಲ್ಲಿ ಅದು ಚೆನ್ನಾಗಿ ಒಗ್ಗಿತೆಂದಷ್ಟೇ ಹೇಳಬಲ್ಲೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೆ ಸೀರೆಗಳ ವಿಚಾರವಾಗಿ ಬರೆಯುವವರು ಹೆಚ್ಚಿದ್ದಾರೆ. ಕುಂಚಿಗೆಯು ಈಗಲೂ ಒಂದು ಸಾಲಿನ ಉಲ್ಲೇಖವಾಗಿಯೇ ಉಳಿದಿದೆ.

ಗಾದೆಯ ‘ಹೊಲಿಸಿದರು’ ಎಂಬ ಕ್ರಿಯಾಪದಕ್ಕೆ ಈಗ ಬರೋಣ. ಹೊಲಿಸಬೇಕಾದರೆ ಹೊಲಿಯುವವನೊಬ್ಬ ಬೇಕು. ಅವನಿಗೆ ಹಳೆಯ ಕನ್ನಡದಲ್ಲಿ ‘ಚಿಪ್ಪಿಗ’ನೆಂದು ಹೆಸರು, ಉತ್ತರದ ‘ಸಿಂಪಿಗ’ನೂ ಅವನೇ. ಜಾನಪದ ವಿದ್ವಾಂಸರಾದ ಸಿಂಪಿ ಲಿಂಗಣ್ಣನವರ ಮನೆತನದ ಹೆಸರಿನಲ್ಲಿ ಈ ಶಬ್ದವನ್ನು ಇಂದಿನ ಓದುಗರೂ ಬಲ್ಲರು. ‘ದರ್ಜಿ’ಯು ಪಾರಸೀ ಮೂಲದಿಂದ ಬಂದು ಅವನ ಪಕ್ಕದಲ್ಲಿ ಕುಳಿತವನು. ಇವರದು ಕೂಲಿ ಪಡೆದು ಮಾಡುವ ಪೇಟೆಯ ಸೂಜಿ. ಅಜ್ಜಿ, ಸೋದರತ್ತೆ, ಬಸುರಿಯ ತಾಯಿ ಇವರ ಕೈಯಲ್ಲಿದ್ದುದು ಮನೆಯ ಸೂಜಿ. ಅದಕ್ಕೆ ಕೂಲಿಯಿರಲಿಲ್ಲವಾದ ಕಾರಣ ಲೆಕ್ಕವಿಲ್ಲ, ಲೆಕ್ಕವಿಲ್ಲದ ಕಾರಣ ದಾಖಲೆಯಿಲ್ಲ. ಗಾದೆಯು ಪೇಟೆಯ ಸೂಜಿಯನ್ನು ನೆನೆಯುತ್ತದೆ. ಏಕೆಂದರೆ ಅದು ಹಾಸ್ಯ ಮಾಡುವುದೇ ದುಡ್ಡು ಕೊಟ್ಟು ಮಾಡಿದ ಆತುರವನ್ನು. ಕುಂಚಿಗೆಯ ಹೊಲಿಗೆಯು ಮನೆಯ ಸೂಜಿಯನ್ನು ನೆನೆಯುತ್ತದೆ. ಪರಭಾಷೆಯ ಹೆಸರುಗಳು ಬಹುಪಾಲು ಪೇಟೆ ಮತ್ತು ಆಸ್ಥಾನಗಳ ಮೂಲಕ ಬಂದುವು. ಅವನ್ನೇ ನೆಚ್ಚಿ ಸೂಜಿಯ ಕಲೆಯನ್ನೆಲ್ಲ ಹೊರಗಿನದೆಂದು ಬರೆದವರು ಮನೆಯೊಳಗಿನ ಹೆಂಗಸರ ದುಡಿಮೆಯನ್ನು ಅರಿಯದೆಯೇ ಅಳಿಸಿಹಾಕಿದರು.

ಮನೆಯ ಸೂಜಿಗೆ ಸಂಸ್ಕಾರಗಳ ಪಂಚಾಂಗವೇ ಆಧಾರ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಸುರಿಗೆ ಮಾಡುವ ಶುಭಕಾರ್ಯಕ್ಕೆ ‘ಕುಬಸ’ವೆಂದು ಹೆಸರು. ಅದು ಕುಪ್ಪಸವೇ, ಸೀರೆಯೊಡನೆ ಕೊಡುವ ಉಡುಗೊರೆಯಿಂದ ಕಾರ್ಯಕ್ಕೆ ಹೆಸರು ಬಂದಿದೆ. ಹೊಲಿಗೆಯ ವಸ್ತ್ರವೊಂದರ ಹೆಸರನ್ನು ಸಂಸ್ಕಾರವೇ ಹೊತ್ತಿರುವ ನಾಡಿನಲ್ಲಿ ಹೊಲಿಗೆಯು ನಿನ್ನೆ ಮೊನ್ನೆಯದೆನ್ನುವುದು ವಿಚಿತ್ರವಲ್ಲವೆ? ಹೆರಿಗೆಯಾದ ಮೇಲೆ ಮೊದಲ ದಿನಗಳಲ್ಲಿ ಕೂಸಿಗೆ ಹೊಸ ಬಟ್ಟೆಯನ್ನು ಹಾಕದೆ, ತೊಳೆದು ಮೆತ್ತಗಾದ ಹಳೆಯ ಬಟ್ಟೆಯನ್ನೇ ಬಳಸುವುದು ಹಲವು ಮನೆಗಳ ರೂಢಿ. ಹೊಸ ಕುಂಚಿಗೆ, ಕುಲಾವಿ, ಅಂಗಿಗಳು ಹೊರಬರುವುದು ತೊಟ್ಟಿಲ ಕಾರ್ಯದ ದಿನ. ಅಂದು ತೊಟ್ಟಿಲಿನ ಮೇಲೆ ತೂಗುವ ಬಟ್ಟೆಯ ಗಿಳಿಗಳು, ಬಣ್ಣದ ಚೂರುಗಳಿಂದ ಹೊಲಿದು ಹತ್ತಿ ತುಂಬಿದ ಚೆಂಡುಗಳು, ಇವೂ ಅದೇ ಕೈಗಳ ಕೆಲಸ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿಗೆ ಚಿತ್ರಗಾರರ ಹೆಸರುಂಟು. ಅದರ ಮೇಲೆ ತೂಗಿದ ಗಿಳಿಗೆ ಯಾರ ಹೆಸರೂ ಇಲ್ಲ.

ಹಳೆಯ ಕುಂಚಿಗೆಗಳು ನಮಗೆ ಹೆಚ್ಚಾಗಿ ದೊರೆಯದಿರುವುದಕ್ಕೆ ಕಾರಣ ಅಸಡ್ಡೆಯೊಂದೇ ಅಲ್ಲ. ಸವೆದ ಮೇಲೆ ಅದು ಕೌದಿಯ ಒಂದು ತುಂಡಾಗುತ್ತದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಇಟ್ಟು ಸಾಲುಹೊಲಿಗೆ ಹಾಕುವ ಕೌದಿಯಲ್ಲಿ ಒಂದು ಮನೆತನದ ಉಡುಪಿನ ಚರಿತ್ರೆಯೇ ಅಡಗಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳಲ್ಲಿ ಕೂಸುಗಳಿಗೆಂದೇ ಮಾಡಿದ ಚಿಕ್ಕವೂ ಇವೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹಚ್ಚುವ ‘ಫುಲ’ಗಳಿಲ್ಲದಿದ್ದರೆ ಕವಂದಿಯು ಬೆತ್ತಲೆಯೆಂದು ಅವರು ಭಾವಿಸುತ್ತಾರೆ. ಕಲಾ ಚರಿತ್ರಕಾರ ಹೆನ್ರಿ ಡ್ರೂವಲ್ ಅವರು ಇವನ್ನು ದಾಖಲಿಸಿದ್ದಾರೆ. ನಮ್ಮ ಕೌದಿಗಳಿಗೆ ಅಂಥ ಚರಿತ್ರಕಾರರು ಇನ್ನೂ ಬೇಕಾಗಿದ್ದಾರೆ.

ಹೊಲಿಗೆಯಂತ್ರವು ಬಂದ ಮೇಲೆ ನಡೆದ ಬದಲಾವಣೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಿಂಗರನ ಯಂತ್ರಕ್ಕೆ ಅಮೆರಿಕದಲ್ಲಿ 1851ರಲ್ಲಿ ಹಕ್ಕುಪತ್ರ ದೊರೆಯಿತು. ಅದೇ ದೇಶದ ಬಟರಿಕ್ ಎಂಬ ದರ್ಜಿಯು 1863ರಲ್ಲಿ ಬೇರೆ ಬೇರೆ ಅಳತೆಗಳ ಕಾಗದದ ಮಾದರಿಗಳನ್ನು ಮಾರಲಾರಂಭಿಸಿದನು. ಅವನ ಮೊದಮೊದಲ ಮಾದರಿಗಳಲ್ಲಿ ಹುಡುಗರ ಉಡುಪುಗಳಿದ್ದುವು. ಅಳತೆಯಿಲ್ಲದ ಕುಂಚಿಗೆಗೆ ಇಂಥ ಕಾಗದದ ಅಗತ್ಯವಿರಲಿಲ್ಲ. ಇಂದು ಖಣದ ಕುಂಚಿಗೆಗಳು ಸಿದ್ಧವಸ್ತ್ರಗಳಾಗಿ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಗಂಟಿಲ್ಲದ ಗವಂತಿಯನ್ನು ಹುಡುಕಬೇಕಾಗುತ್ತದೆ.

ಕಾಲೇಜುಗಳ ಚರಿತ್ರೆಯ ಅಧ್ಯಾಪಕರು ಈ ವಿಷಯವನ್ನು ವಿದ್ಯಾರ್ಥಿಗಳಿಗೆ ರಜೆಯ ಕೆಲಸವಾಗಿ ಕೊಡಬಹುದು. ಮನೆಯಲ್ಲಿ ಉಳಿದಿರುವ ಕುಂಚಿಗೆಯನ್ನಾಗಲಿ ಕೌದಿಯನ್ನಾಗಲಿ ಬಿಚ್ಚಿ ನೋಡಿ, ಬಟ್ಟೆಯು ಯಾರ ಮನೆಯಿಂದ ಬಂತು, ಹೊಲಿದವರಾರು, ಎಷ್ಟು ಕೂಸುಗಳು ತೊಟ್ಟವು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಹೊಲಿಗೆಯ ಒಳಮುಖದ ಚಿತ್ರವನ್ನೂ ತೆಗೆದಿಟ್ಟುಕೊಳ್ಳುವುದನ್ನು ಮರೆಯಬಾರದು.