ಕೋಳಿ ಜಗಳದಲ್ಲಿ ಸಿಕ್ಕಿಬಿದ್ದ ಪಿಕಪ್

ಅಮೆರಿಕದ ಅಧ್ಯಕ್ಷರಾಗಿ ಎರಡು ವಾರವೂ ತುಂಬಿರದ ಲಿಂಡನ್ ಜಾನ್ಸನ್ 1963ರ ಡಿಸೆಂಬರ್ 4ರಂದು ಒಂದು ಘೋಷಣೆ ಹೊರಡಿಸಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ, ಲಘು ಟ್ರಕ್ಕು ಈ ನಾಲ್ಕರ ಆಮದು ಸುಂಕ ಏರಿತು. ಟ್ರಕ್ಕಿಗೆ ಬಿದ್ದದ್ದು ಶೇ. 25. ಜಗಳ ಮಾತ್ರ ಕೋಳಿಯದು. ಅಗ್ಗದ ಅಮೆರಿಕನ್ ಕೋಳಿಮಾಂಸ ತಮ್ಮ ಮಾರುಕಟ್ಟೆ ತುಂಬಿತೆಂದು ಯುರೋಪಿನ ಆರ್ಥಿಕ ಸಮುದಾಯದವರು 1962ರಲ್ಲಿ ಅದರ ಮೇಲೆ ಸುಂಕ ಹೆಚ್ಚಿಸಿದ್ದರು. ಇದು ಅದಕ್ಕೆ ಸೇಡು. ಗುರಿಯಿಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ. ಉಳಿದ ಮೂರರ ಸುಂಕ ಕಾಲಕ್ರಮೇಣ ಹೋಯಿತು, ಟ್ರಕ್ಕಿನದು ಉಳಿಯಿತು. ಹೆಚ್ಚು ಪೆಟ್ಟು ತಿಂದವರು ಜಗಳದಲ್ಲೇ ಇರದ ಜಪಾನಿನವರು.

ಜಪಾನಿ ಪಿಕಪ್ ಚಿಕ್ಕದು, ಗಟ್ಟಿ. ಅಮೆರಿಕದ್ದು ದೊಡ್ಡದು, ಹೊಟ್ಟೆಬಾಕ. ಇದು ಆಯಾ ಜನರ ಸ್ವಭಾವದಿಂದಲೇ ಬಂದದ್ದು ಎಂಬಂತೆ ಮಾತಾಡುವವರಿದ್ದಾರೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. ಸುಂಕದ ಪಟ್ಟಿಗಳನ್ನು ಓದಿದರೆ ಬೇರೆಯದೇ ಕತೆ ಕಾಣುತ್ತದೆ. ಬಾಡಿ ಕಟ್ಟದ ಟ್ರಕ್ಕಿಗೆ ಸುಂಕ ಶೇ. 4 ಮಾತ್ರವಿತ್ತು. ಹಾಗಾಗಿ ಕ್ಯಾಬಿನ್ನು, ಚಾಸಿಗಳಷ್ಟೇ ಹಡಗಿನಲ್ಲಿ ಬರುತ್ತಿದ್ದವು. ಬಾಡಿ ಕೂರಿಸುವುದು ಅಮೆರಿಕದ ನೆಲದಲ್ಲಿ. ತಮಾಷೆಯೆಂದರೆ 1972ರಿಂದ ಫೋರ್ಡ್ ಕಂಪನಿಯೇ ಮಜ್ದಾದ ಗಾಡಿಯನ್ನೂ ಷೆವ್ರೊಲೆ ಕಂಪನಿ ಇಸುಜುವಿನ ಗಾಡಿಯನ್ನೂ ತಮ್ಮ ಹೆಸರಿನಲ್ಲಿ ಹೀಗೆ ತರಿಸಿ ಮಾರುತ್ತಿದ್ದವು. ಸುಬಾರು ಕಂಪನಿ ತನ್ನ ಬ್ರ್ಯಾಟ್ ಪಿಕಪ್ಪಿನ ಹಿಂಬದಿಯಲ್ಲಿ ಎರಡು ಸೀಟು ಜೋಡಿಸಿ, ಇದು ಟ್ರಕ್ಕಲ್ಲ, ಕಾರು ಎಂದು ವಾದಿಸಿತು. ಬಾಡಿಯಿಲ್ಲದ ಟ್ರಕ್ಕಿನ ಕಿಂಡಿ 1980ರಲ್ಲಿ ಮುಚ್ಚಿತು.

1968ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಮೊದಲು ಪೆಟ್ರೋಲಿನದೇ. ಡೀಸೆಲ್ ಎಂಜಿನ್ ಸೇರಿದ್ದು 1970ರ ದಶಕದ ಕೊನೆಗೆ. ಹೈಲಕ್ಸ್ ಗಳಿಸಿದ ಕೀರ್ತಿಯಲ್ಲಿ ಅರ್ಧ ಪಾಲು ಈ ಎಂಜಿನ್ನಿಗೆ ಸಲ್ಲಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವವರು ಬೇಡ. ಸಿಲಿಂಡರಿನೊಳಗೆ ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿದರೆ ಅದು ಕಾದು, ಸಿಂಪಡಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬುರೇಟರ್ ಇಲ್ಲ. ಹೊಳೆ ದಾಟುವಾಗ ನೆನೆದು ಕೈಕೊಡುವ ವೈರುಗಳು ಕಡಿಮೆ. ಹೊರೆ ಎಳೆಯುವ ಬಲ ನಿಧಾನ ವೇಗದಲ್ಲೇ ಸಿಗುತ್ತದೆ. ಗ್ಯಾರೇಜು ನೂರು ಮೈಲಿ ದೂರವಿರುವ ಕಡೆ ಇದಕ್ಕಿಂತ ದೊಡ್ಡ ಗುಣ ಏನು ಬೇಕು? 2000ದಲ್ಲಿ ಬಿಡದಿಯಿಂದ ಹೊರಬಂದು ನಮ್ಮ ರಸ್ತೆಗಳನ್ನು ತುಂಬಿದ ಕ್ವಾಲಿಸ್‌ನಲ್ಲಿದ್ದ 2.4 ಲೀಟರಿನ ಎಂಜಿನ್ನೂ ಇದೇ ವಂಶದ್ದು.

ಅಮೆರಿಕದಲ್ಲಿ ಡೀಸೆಲ್ಲಿನ ಹೆಸರು ಕೆಡಿಸಿದ್ದು ಬಹುಮಟ್ಟಿಗೆ ಒಂದೇ ಎಂಜಿನ್. ಜನರಲ್ ಮೋಟಾರ್ಸ್ 1978ರ ಮಾದರಿಗಳಲ್ಲಿ ಓಲ್ಡ್ಸ್‌ಮೊಬೈಲ್ ಹೆಸರಿನ 5.7 ಲೀಟರಿನ ಡೀಸೆಲ್ ಎಂಜಿನ್ ತಂದಿತು. ಕಾರುಗಳಿಗೂ ಷೆವ್ರೊಲೆ ಪಿಕಪ್ಪಿಗೂ ಅದನ್ನೇ ಹಾಕಿತು. ಹಳೆಯ ಯಂತ್ರಗಳಲ್ಲೇ ತಯಾರಿಸಬೇಕೆಂದು ಹೆಡ್ ಬೋಲ್ಟುಗಳ ವಿನ್ಯಾಸವನ್ನು ಪೆಟ್ರೋಲ್ ಎಂಜಿನ್ನಿನದೇ ಇಟ್ಟುಕೊಂಡಿದ್ದರು. ಡೀಸೆಲ್ಲಿನ ಒತ್ತಡಕ್ಕೆ ಬೋಲ್ಟುಗಳು ಹಿಗ್ಗಿದವು, ಗ್ಯಾಸ್ಕೆಟ್ ಹೋಯಿತು. ಎಣ್ಣೆಯಲ್ಲಿನ ನೀರನ್ನು ಬೇರ್ಪಡಿಸುವ ಸಾಧನವೂ ಇರಲಿಲ್ಲ. 1985ರಲ್ಲಿ ಅದನ್ನು ಕೈಬಿಟ್ಟರು. ಸೋತದ್ದು ಡೀಸೆಲ್ ಅಲ್ಲ, ಲೆಕ್ಕಾಚಾರ. 1989ರಲ್ಲಿ ಡಾಡ್ಜ್ ತನ್ನ ದೊಡ್ಡ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ ಎಂಜಿನ್ ಕೂರಿಸಿ ಅದನ್ನು ತೋರಿಸಿಕೊಟ್ಟಿತು.

ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಚಾಡ್ ದೇಶದ ಸೈನಿಕರು ಟೊಯೋಟಾ ಪಿಕಪ್ಪುಗಳ ಮೇಲೆ ಮಿಲಾನ್ ಕ್ಷಿಪಣಿಗಳನ್ನು ಹೂಡಿ ಮರುಭೂಮಿಯಲ್ಲಿ ಲಿಬಿಯಾದ ಟ್ಯಾಂಕುಗಳನ್ನು ಸೋಲಿಸಿದ್ದರು. ಅದಕ್ಕೆ ಟೊಯೋಟಾ ಯುದ್ಧವೆಂದೇ ಹೆಸರು. ರೈತನಿಗೆ ಒದಗುವ ಗಟ್ಟಿತನ ಬಂದೂಕಿನವನಿಗೂ ಒದಗುತ್ತದೆ.

ಡೀಸೆಲ್ ಹೊಗೆಯ ಮಸಿಯನ್ನು, ನೈಟ್ರೋಜನ್ ಆಕ್ಸೈಡುಗಳನ್ನು ನಾನು ಮರೆಮಾಚುತ್ತಿಲ್ಲ. ಊರೊಳಗೆ ಒಬ್ಬನೇ ಕೂತು ಓಡಾಡುವ ಕಾರಿಗೆ ಡೀಸೆಲ್ ಬೇಡವೆಂದೇ ನನ್ನ ಮತ. ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡಿ 2015ರಲ್ಲಿ ಸಿಕ್ಕಿಬಿದ್ದದ್ದೂ ಅದೇ ಫೋಕ್ಸ್‌ವ್ಯಾಗನ್. ನನ್ನ ವಾದ ಹೊರೆ ಹೊರುವ ಗಾಡಿಗೆ ಮಾತ್ರ. ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂದಾಗ 2.8 ಲೀಟರಿನ ಡೀಸೆಲ್ ಎಂಜಿನ್ ಹೊತ್ತೇ ಬಂತು. ಅಮೆರಿಕದಲ್ಲಿ ಟೊಯೋಟಾ 1995ರಿಂದ ಅದರ ಬದಲು ಮಾರುತ್ತಿರುವುದು ಟಕೋಮಾ. ಅದರಲ್ಲಿ ಡೀಸೆಲ್ ಎಂಜಿನ್ ಇಲ್ಲ.